ಕಣ್ಣು ಡ್ರೈ, ಆದ್ರೆ ನೀರು ಸುರೀತದೆ. ರೆಪ್ಪೆ ಪೂರ್ತಿ ಮುಚ್ಚುದಿಲ್ಲವಂತೆ, ಇದೆಂತ ಕತೆ?

ಕುಂಬ್ಳೆಕಾರ:
ಎಲ್ರಿಗೂ ನಮಸ್ಕಾರ. ನಾನು ಡಿಟಿಪಿ ಕೆಲಸದವ, ಮದುವೆ ಕಾಗದ, ನೇಮದ ಆಮಂತ್ರಣ, ಶಾಲೆ ವಾರ್ಷಿಕೋತ್ಸವದ್ದು, ಅರ್ಧ ಕನ್ನಡ ಅರ್ಧ ಮಲಯಾಳ, ಬೆಳಗ್ಗೆ ಕೂತ್ರೆ ಸಂಜೆ ಏಳುದು. ಈಗ ಆರು ತಿಂಗಳಿಂದ ಮಧ್ಯಾಹ್ನ ಮೂರು ಗಂಟೆ ಕಳೀತು ಅಂದ್ರೆ ಕಣ್ಣಿಗೆ ಹೊಯಿಗೆ ಬಿದ್ದ ಹಾಗೆ ಆಗ್ತದೆ, ಒತ್ತಕ್ಷರ ಎಲ್ಲ ಒಂದಕ್ಕೊಂದು ಅಂಟಿದ ಹಾಗೆ ಕಾಣ್ತದೆ, ಒಮ್ಮೆ ಗಟ್ಟಿ ಕಣ್ಣು ಮುಚ್ಚಿ ತೆಗೆದ್ರೆ ಸ್ಪಷ್ಟ, ಮತ್ತೆ ಎರಡು ಸಾಲು ಓದುವಷ್ಟರಲ್ಲಿ ಪುನಃ ಮಂಜು. ಕನ್ನಡಕದ ಪವರ್ ಜಾಸ್ತಿ ಆಗಿರ್ಬೇಕು ಅಂತ ಮಂಗ್ಳೂರಿಗೆ ಹೋಗಿ ತೋರಿಸಿದೆ. ಪವರಲ್ಲಿ ಎಂತದೂ ವ್ಯತ್ಯಾಸ ಇಲ್ಲ. ಕಣ್ಣಿಗೆ ಹಳದಿ ಬಣ್ಣದ್ದೊಂದು ಮುಟ್ಟಿಸಿ ನೀಲಿ ಲೈಟಲ್ಲಿ ನೋಡಿದ್ರು, ಕಣ್ಣೀರಿನ ಪದರ 4 ಸೆಕೆಂಡಿಗೇ ಒಡೀತಾ ಉಂಟು, ನೀವು ರೆಪ್ಪೆ ಸರಿ ಮುಚ್ಚುದಿಲ್ಲ ಅಂದ್ರು, ಡ್ರಾಪ್ಸ್ ಬರೆದ್ರು, ಹೊರಗೆ ಅಷ್ಟು ಜನ ಕಾಯ್ತಾ ಇದ್ರು ಹಾಗೆ ಮತ್ತೆ ಕೇಳ್ಲಿಕ್ಕೆ ಆಗ್ಲಿಲ್ಲ.

ರೆಪ್ಪೆ ಹೊಡೆಯುದು ಯಾರಾದ್ರೂ ಕಲಿಯುವ ವಿಷಯವಾ? ಮತ್ತೆ ಬೈಕಲ್ಲಿ ಹೋಗುವಾಗ ನನ್ನ ಕಣ್ಣಲ್ಲಿ ನೀರು ಧಾರಾಕಾರ, ಅದು ಡ್ರೈ ಆಗುದು ಹೇಗೆ?

ಪೆರ್ಲದವ:
ಫ್ಯಾನ್ ಎಲ್ಲಿ ಉಂಟು ನೋಡಿ ಮೊದ್ಲು. ನನ್ನದು ಟೇಬಲ್ ಫ್ಯಾನ್ ನೇರ ಮುಖಕ್ಕೆ ಇತ್ತು, ತಿರುಗಿಸಿದ್ಮೇಲೆ ಅರ್ಧ ಕಮ್ಮಿ ಆಯ್ತು.

ಕಣ್ಣಿನ ಕೆಲಸದವಳು:
ನಾನು ಆಪ್ಟೋಮೆಟ್ರಿಸ್ಟ್, ಊರು ಮಂಜೇಶ್ವರ. ಸ್ವಲ್ಪ ಉದ್ದ ಆಗ್ತದೆ, ಬೇಜಾರು ಮಾಡ್ಬೇಡಿ.

ಸುಮ್ನೆ ಮಾತಾಡ್ತಾ ಕೂತಿರುವಾಗ ನಾವು ನಿಮಿಷಕ್ಕೆ ಸುಮಾರು 15-20 ಸಲ ರೆಪ್ಪೆ ಹೊಡೀತೇವೆ. ಸ್ಕ್ರೀನ್ ನೋಡ್ತಾ ಇದ್ರೆ ಅದು ಅರ್ಧಕ್ಕೋ ಮೂರನೇ ಒಂದು ಪಾಲಿಗೋ ಇಳೀತದೆ. ಇದು ತುಂಬ ಜನಕ್ಕೆ ಗೊತ್ತುಂಟು. ಗೊತ್ತಿಲ್ಲದ್ದು ಎಂತ ಅಂದ್ರೆ ಆ ಹೊಡೆದದ್ದರಲ್ಲೂ ಸುಮಾರು ಅರೆಬರೆ, ಮೇಲಿನ ರೆಪ್ಪೆ ಪಾಪೆಯ ಹತ್ರ ತನಕ ಬಂದು ಅಲ್ಲಿಂದ್ಲೇ ವಾಪಸ್. ನೆಲ ಒರೆಸುವವರು ಅರ್ಧ ಕೋಣೆ ಒರೆಸಿ ಹೋದ ಹಾಗೆ, ಕಣ್ಣಿನ ಕೆಳಗಿನ ಭಾಗಕ್ಕೆ ಹೊಸ ಕಣ್ಣೀರು ತಾಗುದೇ ಇಲ್ಲ. ಅಂಥವರ ಕಣ್ಣಿಗೆ ಆ ಹಳದಿ ಬಣ್ಣ ಮುಟ್ಟಿಸಿದ್ರೆ ಕಪ್ಪುಗುಡ್ಡೆಯ ಕೆಳ ಅಂಚಲ್ಲಿ ಚುಕ್ಕಿ ಚುಕ್ಕಿ ಹಿಡೀತದೆ. ಅಷ್ಟಕ್ಕೇ ನಮಗೆ ಗೊತ್ತಾಗ್ತದೆ, ಓ ಇವ್ರು ಪೂರ್ತಿ ಮುಚ್ಚುವವ್ರಲ್ಲ ಅಂತ.

ಇನ್ನು ನೀರಿನ ವಿಷಯ. ಕಣ್ಣೀರು ಅಂದ್ರೆ ಬರೀ ನೀರಲ್ಲ. ಅಡಿಯಲ್ಲಿ ಲೋಳೆ, ನಡುವೆ ನೀರು, ಮೇಲಿಂದ ತೆಳು ಎಣ್ಣೆ. ಎಣ್ಣೆ ಬರುದು ರೆಪ್ಪೆ ಅಂಚಿನ ಸಣ್ಣ ಸಣ್ಣ ಗ್ರಂಥಿಗಳಿಂದ, ಮೈಬೋಮಿಯನ್ ಗ್ರಂಥಿ ಅಂತ ಹೆಸರು, ಹೈನ್ರಿಖ್ ಮೈಬೋಮ್ ಅಂತ ಜರ್ಮನಿಯ ವೈದ್ಯ 1666ರಲ್ಲೇ ಬರೆದಿಟ್ಟದ್ದು. ಎರಡೂ ರೆಪ್ಪೆ ಒಂದಕ್ಕೊಂದು ತಾಗಿ ಒತ್ತಿದ್ರೆ ಮಾತ್ರ ಅದು ಸರಿಯಾಗಿ ಹೊರಗೆ ಬರುದು. ತಾಗದಿದ್ರೆ ಅಲ್ಲೇ ನಿಂತು ಗಟ್ಟಿ ಆಗ್ತದೆ, ಡಿಸೆಂಬರ್ ಚಳಿಗೆ ಕುಪ್ಪಿಯ ತೆಂಗಿನೆಣ್ಣೆ ಹೆಪ್ಪುಗಟ್ಟುದಿಲ್ವಾ, ಹಾಗೆ. ಎಣ್ಣೆ ಇಲ್ಲದ ನೀರು ಬೇಗ ಆರ್ತದೆ, 10 ಸೆಕೆಂಡಿನ ಒಳಗೆ ಪದರ ಒಡೆದ್ರೆ ನಾವು ಸಂಶಯ ಪಡ್ತೇವೆ, ನಿಮ್ಮದು 4. ಆರಿದ ಕಣ್ಣಿಗೆ ಗಾಳಿ ತಾಗಿದ್ರೆ ಉರಿ, ಉರಿಗೆ ಕಣ್ಣು ಹೆದರಿ ಒಮ್ಮೆಲೇ ನೀರು ಸುರಿಸ್ತದೆ. ಅದು ಕೆನ್ನೆಗೆ ಇಳಿದು ಹೋಗುವ ನೀರು, ಕಣ್ಣಲ್ಲಿ ನಿಲ್ಲುದಿಲ್ಲ. ಹಾಗಾಗಿ ನಿಮಗೆ ಎರಡೂ ಒಟ್ಟಿಗೆ ಉಂಟು, ವಿಚಿತ್ರ ಅಲ್ಲ.

ಮಾಡ್ಬೇಕಾದ್ದು: ಬಿಸಿನೀರಲ್ಲಿ ಹಿಂಡಿದ ಬಟ್ಟೆ, ಕೈಗೆ ಹಿತ ಆಗುವಷ್ಟೇ ಬಿಸಿ, ಮುಚ್ಚಿದ ರೆಪ್ಪೆ ಮೇಲೆ 5-10 ನಿಮಿಷ. ಬಟ್ಟೆ ತಣೀತದೆ, ನಡುವೆ ಪುನಃ ಅದ್ದಿ. ಮತ್ತೆ ಕೆಲಸದ ನಡುವೆ ಮೆಲ್ಲ ಕಣ್ಣು ಮುಚ್ಚಿ, ಎರಡು ಸೆಕೆಂಡ್ ಹಾಗೇ ಇಟ್ಟು, ತೆಗೀರಿ. ಹತ್ತು ಸಲ. ಬೆರಳು ಕಣ್ಣಿನ ಹೊರಮೂಲೆ ಹತ್ರ ಇಟ್ಟು ನೋಡಿ, ಅಲ್ಲಿ ಚರ್ಮ ಸುಕ್ಕಾಗಿ ಎಳೆದ್ರೆ ನೀವು ಬಲವಂತ ಮಾಡ್ತಾ ಇದ್ದೀರಿ ಅಂತ ಲೆಕ್ಕ. ಅಷ್ಟು ಬೇಡ.

ಅಡಿಕೆತೋಟ:
ಇದಕ್ಕೆಲ್ಲ ಇಂಗ್ಲಿಷ್ ಮದ್ದು ಯಾಕೆ ಮಾರಾಯ್ರೆ, ಇಳನೀರ್ ಕುಳಂಬು ಅಂತ ಆಯುರ್ವೇದದ ಕಣ್ಣಿನ ಮದ್ದು ಉಂಟು, ಎರಡು ಹನಿ ಬಿಡಿ. ಉರಿಯುತ್ತದೆ, ಎಲ್ಲ ಕೊಳೆ ನೀರಲ್ಲಿ ಬಂದು ಕಣ್ಣು ತೊಳೆದ ಹಾಗೆ ಆಗ್ತದೆ.

ಕಣ್ಣಿನ ಕೆಲಸದವಳು:
ಅಣ್ಣ, ಉರಿದು ನೀರು ಬರುದು ಇವ್ರಿಗೆ ಈಗ್ಲೇ ಬೇಕಾದಷ್ಟು ಉಂಟು 🙂 ವೈದ್ಯರು ನೋಡಿ ಕೊಟ್ರೆ ಬೇರೆ ಮಾತು, ಚುಕ್ಕಿ ಹಿಡಿದ ಕಣ್ಣಿಗೆ ನಾವೇ ಹಾಕುದು ಬೇಡ. ಮೆಡಿಕಲಲ್ಲಿ ಕೇಳಿ ಕೆಂಪು ಹೋಗುವ ಡ್ರಾಪ್ಸ್ ತರುದೂ ಹಾಗೆಯೇ, ಅದರಲ್ಲಿ ಕೆಲವು ಹಾಕುದು ನಿಲ್ಲಿಸಿದ ಕೂಡ್ಲೇ ಕೆಂಪು ಇನ್ನೂ ಜಾಸ್ತಿ. ಸ್ಟಿರಾಯ್ಡ್ ಇರುವಂಥದ್ದಾದ್ರೆ ಕಣ್ಣಿನ ಪ್ರೆಶರ್ ಏರುವ ಅಪಾಯವೂ ಉಂಟು.

ತಾಳಮದ್ದಳೆ ಹುಚ್ಚ:
ವಿಷಯ ಬಿಟ್ಟು ಹೇಳ್ತೇನೆ, ಕ್ಷಮಿಸಿ. ದಮಯಂತಿ ಸ್ವಯಂವರದಲ್ಲಿ ಐದು ಜನ ನಳ ಕೂತಿರುವಾಗ ಅವಳು ನಿಜವಾದವನನ್ನು ಗುರುತು ಹಿಡಿದದ್ದರಲ್ಲಿ ಇದೂ ಒಂದಲ್ವಾ, ದೇವತೆಗಳು ರೆಪ್ಪೆ ಹೊಡೆಯುದಿಲ್ಲ, ಅನಿಮಿಷರು. ಡಿಟಿಪಿಯವರು ಆ ಸಾಲಲ್ಲಿ ಕೂತಿದ್ರೆ ಪಾಪ ಅವಳಿಗೆ ಕಷ್ಟ ಇತ್ತು.

ನೀರ್ಚಾಲಿನಕ್ಕ:
ನನ್ನ ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು, ಮಡಿಲಲ್ಲಿ ತಡ್ಪೆ, ತಲೆ ತಗ್ಗಿಸಿ, ನೂಲು ಸುತ್ತುವಾಗ ಕಣ್ಣು ಕೂಡ ಅಲ್ಲಾಡ್ತಿರ್ಲಿಲ್ಲ, ಆದ್ರೂ ಕಣ್ಣು ಉರಿ ಅಂತ ಹೇಳಿದ್ದು ನನಗೆ ನೆನಪಿಲ್ಲ. ಈಗ ಮಲಗಿ ಮೊಬೈಲಲ್ಲಿ ಸೀರಿಯಲ್ ನೋಡ್ಲಿಕ್ಕೆ ಶುರು ಮಾಡಿದ ಮೇಲೆ ದಿನಾ ಅದೇ ರಾಗ. ಅಲರ್ಜಿಗೆ ದಿನಾ ಒಂದು ಮಾತ್ರೆ ತೆಗೊಳ್ತಾ ಇದ್ರು, ಅದೂ ಕಣ್ಣು ಒಣಗಿಸ್ತದೆ ಅಂತ ಡಾಕ್ಟ್ರು ಬದಲಿಸಿದ್ರು. ತಗ್ಗಿ ನೋಡುದಕ್ಕೂ ಎತ್ತಿ ನೋಡುದಕ್ಕೂ ವ್ಯತ್ಯಾಸ ಉಂಟಾ?

ಕಣ್ಣಿನ ಕೆಲಸದವಳು:
ಉಂಟು ಅಕ್ಕ. ಕೆಳಗೆ ನೋಡುವಾಗ ರೆಪ್ಪೆ ಅರ್ಧ ಇಳಿದಿರ್ತದೆ, ಗಾಳಿಗೆ ತೆರೆದಿರುವ ಕಣ್ಣು ಕಮ್ಮಿ. ಎದುರಿಗೋ ಮೇಲೋ ನೋಡಿದ್ರೆ ಕಣ್ಣು ಅಗಲ ಆಗಿ ಬೇಗ ಆರ್ತದೆ. ಮಾನಿಟರ್ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇರ್ಬೇಕು ಅನ್ನುದು ಇದಕ್ಕೇ.

ಕುಂಬ್ಳೆಕಾರ:
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಒಂದು ಕೆಲಸ ಮಾಡಿದೆ, ಮೊಬೈಲ್ ಮಾನಿಟರಿಗೆ ಒರಗಿಸಿಟ್ಟು ನನ್ನದೇ ಮುಖ ವಿಡಿಯೋ ಮಾಡಿ, ಮರ್ತು, ಒಂದು ಗೃಹಪ್ರವೇಶದ ಕಾಗದ ಟೈಪ್ ಮಾಡ್ತಾ ಕೂತೆ. ಮತ್ತೆ ನೋಡಿದ್ರೆ ಒಂದು ನಿಮಿಷಕ್ಕೆ ಆರೇ ಸಲ! ಅದರಲ್ಲಿ ಪೂರ್ತಿ ಮುಚ್ಚಿದ್ದು ಎರಡು, ಅದೂ ಗಿರಾಕಿ ಬಾಗಿಲಲ್ಲಿ ಕರೆದಾಗ ತಿರುಗಿ ನೋಡಿದ್ದಕ್ಕೆ. ಉಳಿದದ್ದೆಲ್ಲ ರೆಪ್ಪೆ ಸುಮ್ನೆ ನಡುಗಿದ ಹಾಗೆ.

ಇನ್ನೊಂದು, ನನ್ನ ಮಾನಿಟರ್ ಅಡಿಯಲ್ಲಿ ಎ4 ಪೇಪರಿನ ಎರಡು ಬಂಡಲ್ ಉಂಟು. ಕುತ್ತಿಗೆ ನೋವು ಅಂತ ನಾನೇ ಏರಿಸಿದ್ದು, ಹೋದ ವರ್ಷ. ಕಣ್ಣಿನ ಉಪದ್ರ ಶುರು ಆದದ್ದು ಅದರ ನಂತರ್ವೇ ಅಂತ ಈಗ ಲೆಕ್ಕ ಹಾಕ್ತಾ ಇದ್ದೇನೆ. ಒಂದು ಬಂಡಲ್ ಇವತ್ತು ತೆಗ್ದಿದ್ದೇನೆ, ಇನ್ನೊಂದು ಕುತ್ತಿಗೆ ಎಂತ ಹೇಳ್ತದೆ ನೋಡಿ ಮತ್ತೆ.