ಆಂಥೂರಿಯಂ ಎಲೆ ಹಳದಿ, ಅಂಚು ಕರಟಿದ ಹಾಗೆ. ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ಬೇರು ಕೊಳೆತಿದೆಯಾ?

ಬಿಜೈ ಮೂರನೇ ಮಾಳಿಗೆ · ಜನವರಿ 29, ರಾತ್ರಿ 9.40

ಮಂಗಳೂರು, ಫ್ಲಾಟ್, ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿ. ದೀಪಾವಳಿಗೆ ಮೂರು ಆಂಥೂರಿಯಂ ತಂದಿದ್ದೆ. ಎರಡು ಕೆಂಪು ಬಾಲ್ಕನಿಯಲ್ಲಿ, ಒಂದು ಬಿಳಿ ಅಡುಗೆಮನೆ ಕಿಟಕಿ ಹತ್ತಿರ. ಎಲ್ಲ 6 ಇಂಚಿನ ಚಟ್ಟಿ. ನರ್ಸರಿಯವರು ಹಾಕಿಕೊಟ್ಟ ಕೊಕೊಪೀಟಿನಲ್ಲೇ (ತೆಂಗಿನ ನಾರಿನ ಪುಡಿ) ಇವೆ.

ಡಿಸೆಂಬರ್‌ವರೆಗೆ ಚೆನ್ನಾಗಿದ್ದವು. ಈಗ ಮೂರರಲ್ಲೂ ಕೆಳಗಿನ ಎಲೆ ಹಳದಿ. ಕೆಂಪಿನವುಗಳ ಎಲೆ ಅಂಚು ಸುಟ್ಟ ಕಾಗದದ ಹಾಗೆ ಕಂದು, ಒಂದು ಎಲೆಯ ನಡುವೆ ಬಿಳಚಿದ ಮಚ್ಚೆ ಬೇರೆ. ಚಳಿಗಾಲದಲ್ಲಿ ಗಿಡ ನಿದ್ದೆ ಮಾಡುತ್ತದೆ, ಹತ್ತು ದಿನಕ್ಕೊಮ್ಮೆ ನೀರು ಸಾಕು, ಗೊಬ್ಬರ ಬೇಡ ಅಂತ ಒಂದು ವಿಡಿಯೋದಲ್ಲಿ ನೋಡಿದ್ದೆ. ಹಾಗೇ ಮಾಡುತ್ತಿದ್ದೇನೆ. ಬಿಳಿಗೆ ಮಾತ್ರ ಅತ್ತೆ ಅಕ್ಕಿ ತೊಳೆದ ನೀರು ಹಾಕುತ್ತಿರುತ್ತಾರೆ, ಎಷ್ಟು ಅಂತ ಲೆಕ್ಕ ಇಲ್ಲ.

ಬಾಲ್ಕನಿಯ ಚಟ್ಟಿಗೆ ಅರ್ಧ ಚೊಂಬು ಹಾಕಿದರೂ ಕೂಡಲೇ ಕೆಳಗಿನ ತಟ್ಟೆಗೆ ಇಳಿಯುತ್ತದೆ. ಅಂದರೆ ಒಳಗೆ ನೀರು ಜಾಸ್ತಿಯೇ ಇದೆ ಅಲ್ವಾ? ಭಾನುವಾರ ಗಿಡ ಕಿತ್ತು ಬೇರು ಕತ್ತರಿಸೋಣ ಅಂತಿದ್ದೇನೆ.

ಸುರತ್ಕಲ್ ಹಸಿರು · ಜನವರಿ 29, ರಾತ್ರಿ 10.05

ನೂರಕ್ಕೆ ನೂರು ಬೇರು ಕೊಳೆ. ಕಿತ್ತು, ಕಪ್ಪಾದ ಬೇರು ಕತ್ತರಿಸಿ, ಶಿಲೀಂಧ್ರನಾಶಕದಲ್ಲಿ ಅದ್ದಿ, ಬೇರೆ ಚಟ್ಟಿಗೆ ಹಾಕಿ. ತಡ ಮಾಡಬೇಡಿ.

ಉಡುಪಿ ತಾರಸಿ · ಜನವರಿ 30, ಬೆಳಿಗ್ಗೆ 6.50

ಸ್ವಲ್ಪ ನಿಲ್ಲಿ ಮಾರಾಯ್ರೆ, ಕತ್ತರಿ ಕೆಳಗಿಡಿ. ಎಲೆ ಹಳದಿಯಾಗಲು ನೀರು ಹೆಚ್ಚಾದರೂ ಸಾಕು, ಕಡಿಮೆಯಾದರೂ ಸಾಕು. ಮೇಲಿನಿಂದ ನೋಡಿ ಹೇಳಲು ಆಗುವುದಿಲ್ಲ.

ಹಿಡಿಸೂಡಿಯಿಂದ ಒಂದು ಕಡ್ಡಿ ತೆಗೆಯಿರಿ. ಚಟ್ಟಿಯ ನಡುವೆ, ಕಾಂಡದ ಪಕ್ಕದಲ್ಲೇ ಬುಡದವರೆಗೆ ಚುಚ್ಚಿ ಅರ್ಧ ಗಂಟೆ ಬಿಡಿ. ಹೊರಗೆ ತೆಗೆದಾಗ ಒದ್ದೆಯೋ, ಒಣಗಿದೆಯೋ, ವಾಸನೆ ಉಂಟೋ ನೋಡಿ. ಮೂರಕ್ಕೂ ಬೇರೆ ಬೇರೆ ಕಡ್ಡಿ. ಚಟ್ಟಿ ಎತ್ತಿ ಭಾರವನ್ನೂ ನೋಡಿ. ಬಾಲ್ಕನಿಗೆ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಯಾವ ನೀರು ಹಾಕುತ್ತೀರಿ, ಇದೂ ಬೇಕು.

ಬಿಜೈ ಮೂರನೇ ಮಾಳಿಗೆ · ಜನವರಿ 30, ರಾತ್ರಿ 8.15

ಆಶ್ಚರ್ಯ! ಎರಡು ಕೆಂಪಿನವುಗಳ ಕಡ್ಡಿ ಹಾಕಿದ ಹಾಗೇ ಒಣಗಿ ಬಂತು. ಬೆಳಿಗ್ಗೆ ತಾನೇ ನೀರು ಹಾಕಿದ್ದೆ! ಚಟ್ಟಿ ಎತ್ತಿದರೆ ಹಪ್ಪಳದ ಡಬ್ಬದಷ್ಟು ಹಗುರ. ಬಿಳಿಯದ್ದು ಒದ್ದೆ, ಚರಂಡಿ ವಾಸನೆ.

ಬಿಸಿಲು ಮೊದಲು ಒಳಗೆ ಬರುತ್ತಿರಲಿಲ್ಲ. ಈಗ ಹತ್ತು ಗಂಟೆಯಿಂದ ಮೂರರವರೆಗೆ ಗಿಡದ ಮೇಲೇ ಬೀಳುತ್ತದೆ. ನೀರು ಬೋರ್‌ವೆಲ್‌ದು. ಕೆಂಪಿನ ಚಟ್ಟಿ ಅಂಚಿನಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪೊರೆ ಉಂಟು.

ಉಡುಪಿ ತಾರಸಿ · ಜನವರಿ 30, ರಾತ್ರಿ 9.30

ಸರಿ, ಈಗ ಗೊತ್ತಾಯಿತು. ನಿಮಗೆ ಇರುವುದು ಎರಡು ಕಾಯಿಲೆ, ಒಂದಕ್ಕೊಂದು ಉಲ್ಟಾ. ಬಿಳಿಯ ವಿಷಯದಲ್ಲಿ ಸುರತ್ಕಲ್‌ನವರು ಹೇಳಿದ್ದು ಸರಿ. ಅದನ್ನು ಕಿತ್ತು ಮೆತ್ತಗಾದ ಬೇರು ತೆಗೆಯಿರಿ, ಅಕ್ಕಿ ನೀರು ನಿಲ್ಲಿಸಿ.

ಕೆಂಪಿನವುಗಳಿಗೆ ಬಾಯಾರಿಕೆ. ಕೊಕೊಪೀಟ್ ಒಮ್ಮೆ ಪೂರ್ತಿ ಒಣಗಿದರೆ ಕುಗ್ಗುತ್ತದೆ, ಚಟ್ಟಿಯ ಗೋಡೆಗೂ ಅದಕ್ಕೂ ನಡುವೆ ಸಂದು ಬೀಳುತ್ತದೆ. ಆಮೇಲೆ ಅದು ನೀರನ್ನು ಬೇಗ ಹೀರುವುದೂ ಇಲ್ಲ. ಮೇಲಿಂದ ಹಾಕಿದ ನೀರು ಆ ಸಂದಿನಲ್ಲೇ ಜಾರಿ ತಟ್ಟೆಗೆ ಹೋಗುತ್ತದೆ. ನೀವು ತಟ್ಟೆ ನೋಡಿ ಹೊಟ್ಟೆ ತುಂಬಿದೆ ಅಂದುಕೊಂಡಿರಿ, ಬೇರಿಗೆ ಒಂದು ಹನಿಯೂ ಸಿಕ್ಕಿಲ್ಲ.

ಬಾಲ್ದಿಯಲ್ಲಿ ನೀರು ತೆಗೆದುಕೊಂಡು ಚಟ್ಟಿಯನ್ನು ಅಂಚಿನ ಕೆಳಗಿನವರೆಗೆ ಮುಳುಗಿಸಿ. ಗುಳ್ಳೆ ಬರುತ್ತದೆ. ಗುಳ್ಳೆ ನಿಲ್ಲುವವರೆಗೆ ಬಿಡಿ, ಅರ್ಧ ಗಂಟೆ ಬೇಕಾಗಬಹುದು. ಎತ್ತಿ ಪೂರ್ತಿ ಬಸಿಯಲು ಬಿಡಿ. ಮರುದಿನ ಮೇಲಿನಿಂದ ನಿಧಾನಕ್ಕೆ ಮೂರು ನಾಲ್ಕು ಲೀಟರ್ ನೀರು ಹಾಯಿಸಿ. ಇದು ಆ ಬಿಳಿ ಪೊರೆಗೆ. ಬೋರ್‌ವೆಲ್ ನೀರಿನ ಉಪ್ಪು ಅದು. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ, ಎಲೆ ಅಂಚು ಕರಟುತ್ತದೆ. ತುಂಬೆ ಅಣೆಕಟ್ಟಿನ ನಳ್ಳಿ ನೀರು ಬರುತ್ತದಲ್ಲ, ತೊಳೆಯಲು ಅದನ್ನೇ ಬಳಸಿ.

ನಡುವಿನ ಬಿಳಚು ಮಚ್ಚೆ ಬಿಸಿಲಿನದ್ದು. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ನಿಮ್ಮ ಬಾಲ್ಕನಿ ಒಳಗೇ ಬರುತ್ತಾನೆ. ಏಪ್ರಿಲ್ ಕೊನೆಗೆ ನಮ್ಮ ನೆತ್ತಿ ಮೇಲೆ ಬಂದಾಗ ಈ ಬಿಸಿಲು ತಾನಾಗಿಯೇ ಹೋಗುತ್ತದೆ. ಅಲ್ಲಿವರೆಗೆ ಗಿಡವನ್ನು ಗೋಡೆ ಬದಿಗೆ ಸರಿಸಿ, ಇಲ್ಲವೇ ಶೇಡ್ ನೆಟ್ ಕಟ್ಟಿ. ಆಂಥೂರಿಯಂ ದಕ್ಷಿಣ ಅಮೆರಿಕದ ಮಳೆಕಾಡಿನ ಗಿಡ, ದೊಡ್ಡ ಮರಗಳ ನೆರಳಲ್ಲಿ ಬೆಳೆಯುವಂಥದ್ದು. ಬೆಳಕು ಬೇಕು, ಉರಿಬಿಸಿಲು ಬೇಡ.

ಇನ್ನು ಆ ವಿಡಿಯೋ. ಹಿಮ ಬೀಳುವ ಊರಿಗೆ ಅದು ಸರಿಯಾದ ಮಾತೇ. ನಮ್ಮಲ್ಲಿ ಎಂತ ಚಳಿ? ರಾತ್ರಿ 21, ಮಧ್ಯಾಹ್ನ 33 ಡಿಗ್ರಿ. ಆಂಥೂರಿಯಂ ತಕರಾರು ಮಾಡುವುದು 15ರ ಕೆಳಗೆ ಹೋದರೆ. ಬೆಳಿಗ್ಗೆ ಇಬ್ಬನಿ ನೋಡಿ ತಂಪಿದೆ ಅನಿಸುತ್ತದೆ, ಆದರೆ ಘಟ್ಟದ ಕಡೆಯಿಂದ ಒಣ ಗಾಳಿ ಬೀಸಿ ಚಟ್ಟಿಯನ್ನು ಹೀರಿಬಿಡುತ್ತದೆ. ಮಳೆಯೂ ಇಲ್ಲ. ನಮ್ಮ ಗಿಡಗಳಿಗೆ ಬೇಸಿಗೆ ಶುರುವಾಗುವುದೇ ಈಗ.

ಶಂಕರಪುರ ಮೊಗ್ಗು · ಜನವರಿ 31, ಬೆಳಿಗ್ಗೆ 7.20

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ತಾರಸಿಯ ಚಟ್ಟಿಯಲ್ಲಿ ಮಲ್ಲಿಗೆ ಉಂಟು, ಮೊಗ್ಗೇ ಇಲ್ಲ. ಇದಕ್ಕೂ ಬಾಲ್ದಿ ಸ್ನಾನವಾ?

ಉಡುಪಿ ತಾರಸಿ · ಜನವರಿ 31, ಬೆಳಿಗ್ಗೆ 7.45

ಬೇಡ ಅಕ್ಕ. ಚಳಿಗೆ ಮಲ್ಲಿಗೆ ಕಡಿಮೆಯೇ, ಅದಕ್ಕೇ ಅಲ್ವಾ ಅಟ್ಟೆಯ (ಕಟ್ಟಿದ ಹೂವಿನ ಲೆಕ್ಕ) ರೇಟು ಏರುವುದು. ಬಿಸಿಲು ಏರಿದ ಹಾಗೆ ಬರುತ್ತದೆ. ಎಲೆ ಅಡಿಯಲ್ಲಿ ಸಣ್ಣ ಜೇಡರ ಬಲೆ ಉಂಟಾ ಮಾತ್ರ ನೋಡಿ. ಒಣ ಗಾಳಿಗೆ ನುಸಿ ಬರುತ್ತದೆ. ಇದ್ದರೆ ಬೆಳಿಗ್ಗೆ ಪೈಪ್ ಹಿಡಿದು ಎಲೆಯ ಅಡಿಗೆ ಜೋರಾಗಿ ನೀರು ಹೊಡೆಯಿರಿ.

ಬಿಜೈ ಮೂರನೇ ಮಾಳಿಗೆ · ಫೆಬ್ರವರಿ 8, ಸಂಜೆ 6.30

ಇಪ್ಪತ್ತೈದು ನಿಮಿಷ ಗುಳ್ಳೆ ಬಂತು! ಎತ್ತುವಾಗ ಒಂದು ಕೈ ಸಾಕಾಗಲಿಲ್ಲ. ಉಪ್ಪೂ ತೊಳೆದೆ, ಗಿಡ ಗೋಡೆ ಬದಿಗೆ ಹೋಯಿತು. ಹಳದಿ ಎಲೆ ಹಸಿರಾಗಲಿಲ್ಲ. ಬಾಡಿದ್ದವು ಮಾತ್ರ ಎದ್ದು ನಿಂತಿವೆ.

ಬಿಳಿಯದ್ದನ್ನು ಅವತ್ತೇ ಕಿತ್ತೆ. ಅರ್ಧ ಬೇರು ಕೈಗೇ ಬಂತು, ಸಿಪ್ಪೆ ಜಾರಿ ಒಳಗಿನ ನಾರು ಉಳಿಯಿತು. ಸುರತ್ಕಲ್‌ನವರಿಗೆ ಥ್ಯಾಂಕ್ಸ್. ಉಳಿದದ್ದನ್ನು ಇದ್ದಿಲು, ತೆಂಗಿನ ಸಿಪ್ಪೆ ತುಂಡು, ಇಟ್ಟಿಗೆ ಚೂರಿಗೆ ಹಾಕಿದ್ದೇನೆ.

ಕೆಂಪಿನವನ್ನೂ ಇದೇ ಮಿಶ್ರಣಕ್ಕೆ ಹಾಕೋಣ ಅಂದರೆ ಅತ್ತೆ ಬಿಡುತ್ತಿಲ್ಲ. ನಮ್ಮ ತುಳುನಾಡಿನ ಕೆಡ್ಡಸ ಹಬ್ಬ ಬಂತು, ಭೂಮಿತಾಯಿ ಹೊರಗಿರುವ ದಿನ, ಮೂರು ದಿನ ಮಣ್ಣು ಮುಟ್ಟಬೇಡ ಅಂತಾರೆ. ಚಟ್ಟಿಯಲ್ಲಿ ಮಣ್ಣೇ ಇಲ್ಲ, ಇರುವುದು ನಾರು ಅಂದೆ. ಒಪ್ಪಲಿಲ್ಲ.

ಸುರತ್ಕಲ್ ಹಸಿರು · ಫೆಬ್ರವರಿ 8, ಸಂಜೆ 7.10

ಮೂರರಲ್ಲಿ ಒಂದು ಸರಿ ಹೇಳಿದೆನಲ್ಲ, ಪಾಸು. ನೂರಕ್ಕೆ ನೂರು ಅನ್ನಬಾರದಿತ್ತು.

ಉಡುಪಿ ತಾರಸಿ · ಫೆಬ್ರವರಿ 8, ರಾತ್ರಿ 9.00

ಅತ್ತೆಯವರ ಮಾತು ಕೇಳಿ, ನಷ್ಟ ಇಲ್ಲ. ಈಗಷ್ಟೇ ಚೇತರಿಸಿಕೊಂಡ ಬೇರನ್ನು ಕೆದಕದಿರುವುದೇ ಒಳ್ಳೆಯದು. ಕೆಡ್ಡಸ ಕಳೆದು ಇನ್ನೊಂದು ವಾರ ಬಿಟ್ಟು ಬದಲಿಸಿ. ಸಿಪ್ಪೆ ತುಂಡನ್ನು ಎರಡು ದಿನ ನೀರಲ್ಲಿ ನೆನೆಸಿ, ಆ ಕಂದು ನೀರು ಚೆಲ್ಲಿ, ಆಮೇಲೆ ಹಾಕಿ.

ಬಿಜೈ ಮೂರನೇ ಮಾಳಿಗೆ · ಫೆಬ್ರವರಿ 24, ಬೆಳಿಗ್ಗೆ 8.05

ಬದಲಿಸಿದೆ. ಒಂದು ಕೆಂಪಿನಲ್ಲಿ ಸುರುಳಿ ಎಲೆ ಬಂದಿದೆ, ಕಂದುಗೆಂಪು ಬಣ್ಣ. ಬಿಳಿಯದ್ದು ಸುಮ್ನೆ ಕೂತಿದೆ, ಸಾಯಲೂ ಇಲ್ಲ, ಬೆಳೆಯಲೂ ಇಲ್ಲ. ಗೊಬ್ಬರ ಕೊಡಲಾ?

ಉಡುಪಿ ತಾರಸಿ · ಫೆಬ್ರವರಿ 24, ಬೆಳಿಗ್ಗೆ 8.30

ಬಿಳಿಗೆ ಈಗ ಬೇಡವೇ ಬೇಡ, ಬೇರು ಬರಲಿ. ಕೆಂಪಿನ ಎಲೆ ಪೂರ್ತಿ ಬಿಚ್ಚಿ ಹಸಿರಾಗಲಿ, ಆಮೇಲೆ ಪ್ಯಾಕೆಟಿನಲ್ಲಿ ಬರೆದದ್ದರ ಅರ್ಧ ಕೊಡಿ. ಕಡ್ಡಿ ಮಾತ್ರ ಚಟ್ಟಿಯಲ್ಲೇ ಇರಲಿ.