ಅಪ್‌ಡೇಟ್: ರಜಾದಿನದ ಊಟದ ಚೀಲ ಶುರುವಾಯ್ತು

ಶಾಲೆಯ ಊಟವನ್ನೇ ನೆಚ್ಚಿಕೊಂಡ ಮಕ್ಕಳಿಗೆ ರಜಾದಿನಗಳಲ್ಲಿ ಏನು ಮಾಡೋದು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಈಗ ವಾರದ ಕೊನೆಯ ಶಾಲಾದಿನ ಮಕ್ಕಳ ಜೊತೆ ಆಹಾರದ ಚೀಲ ಮನೆಗೆ ಹೋಗ್ತಿದೆ.

ಚೀಲ ಎದ್ದು ಕಾಣಬಾರದು ಅಂತ ನಿಮ್ಮಲ್ಲೊಬ್ಬರು ಹೇಳಿದ್ದು ತುಂಬಾ ಉಪಯೋಗಕ್ಕೆ ಬಂತು. ಹೆಸರಿಲ್ಲದ ಸಾದಾ ಚೀಲ. ಟೀಚರ್ ಅದನ್ನು ಮಗುವಿನ ಬ್ಯಾಗಿನೊಳಗೇ ಇಟ್ಟುಬಿಡ್ತಾರೆ. ಒಬ್ಬ ಹುಡುಗ ತಿಂಡಿ ಮುಟ್ಟದೆ ತಂಗಿಗೆ ಅಂತ ಜೋಪಾನವಾಗಿ ತೆಗೆದಿಟ್ಟಿದ್ದನಂತೆ. ಆಮೇಲೆ ಮನೆಯಲ್ಲಿರೋ ಚಿಕ್ಕ ಮಕ್ಕಳನ್ನೂ ಲೆಕ್ಕಕ್ಕೆ ತಗೊಂಡೆವು. ಒಲೆ ಹಚ್ಚೋಕೆ ದೊಡ್ಡವರಿಲ್ಲದ ಮನೆಗಳೂ ಇವೆ. ಹಾಗಾಗಿ ಬೇಯಿಸದೆ ತಿನ್ನುವಂಥದ್ದು, ಕೈಯಲ್ಲೇ ತೆರೆಯೋಕೆ ಬರುವ ಡಬ್ಬಿ ಮಾತ್ರ. ಅಲರ್ಜಿ ಬಗ್ಗೆ ಕೇಳ್ತೇವೆ, ಆದಾಯದ ದಾಖಲೆ ಕೇಳೋದಿಲ್ಲ.

ದೊಡ್ಡ ರಜೆಗೆ ಚೀಲ ಸಾಲದು. ಗ್ರಂಥಾಲಯದಲ್ಲಿ ಆಟ, ಓದಿನ ಜೊತೆ ಬಂದ ಮಕ್ಕಳಿಗೆಲ್ಲ ಊಟ ಹಾಕೋ ಮಾತುಕತೆ ನಡೀತಿದೆ. ಎಲ್ಲರೂ ಒಟ್ಟಿಗೆ ಕೂತರೆ ಯಾರಿಗೂ ಸಂಕೋಚ ಇರಲ್ಲ. ಅಡುಗೆಗೆ ಜಾಗ ಮಾತ್ರ ಇನ್ನೂ ಹುಡುಕ್ತಿದ್ದೇವೆ.