ಅಪ್‌ಡೇಟ್: ನಮ್ಮೂರ ಮ್ಯೂಸಿಯಂಗೆ ಸಹಾಯ ಸಿಕ್ಕಿತು

ಸಕಲೇಶಪುರದ ಹತ್ತಿರ, ನಮ್ಮೂರ ಹಳೇ ಶಾಲೆಯ ಕೋಣೆಯಲ್ಲಿ ಚಿಕ್ಕ ಮ್ಯೂಸಿಯಂ ಮಾಡಿದ್ದೇವೆ, ತಾಳೆಗರಿಗಳಿಗೆ ಬೂಸ್ಟು ಹಿಡಿಯುತ್ತಿದೆ, ಯಾರನ್ನು ಕೇಳೋದು ಅಂತ ಹೋದ ಮಳೆಗಾಲದಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳಿದಂತೆ ಮೈಸೂರಿಗೆ ಹೋದೆವು. ಹಳೇ ವಸ್ತುಗಳನ್ನು ಹಾಳಾಗದಂತೆ ಕಾಪಾಡುವ ಕೆಲಸ ಮಾಡುವ, ಲಕ್ನೋದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಅಲ್ಲಿದೆ. ಅವರು ಮೊದಲು ಕೇಳಿದ್ದು ಗರಿಗಳ ಬಗ್ಗೆ ಅಲ್ಲ, ಅವನ್ನು ಇಟ್ಟಿರುವ ಬೀರು ಎಲ್ಲಿದೆ ಅಂತ! ನಾವು ಗೋಡೆಗೆ ಒತ್ತಿ ಇಟ್ಟಿದ್ದೆವು. ಮಲೆನಾಡಿನ ಗೋಡೆ ಮಳೆಗಾಲವಿಡೀ ನೀರು ಕುಡಿಯುತ್ತದೆ ಅಲ್ವಾ, ಆ ತೇವವೆಲ್ಲ ಬೀರುವಿಗೆ ಇಳಿಯುತ್ತಿತ್ತು. ಈಗ ಅರ್ಧ ಅಡಿ ಈಚೆಗೆ ಸರಿಸಿ, ಕೆಳಗೆ ಮರದ ತುಂಡು ಕೊಟ್ಟಿದ್ದೇವೆ. ಬೂಸ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ಮೆತ್ತನೆಯ ಒಣ ಬ್ರಷ್‌ನಿಂದ ತೆಗೆಯಬೇಕು. ಬಿಸಿಲಿಗೆ ಇಡಲೇಬಾರದು, ಗರಿ ಸೀಳುತ್ತದೆ. ಹಿತ್ತಾಳೆ ತಂಬಿಗೆಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದೆವು. ಅದನ್ನೂ ನಿಲ್ಲಿಸಿದೆವು. ಉಜ್ಜಿದಷ್ಟೂ ಮೇಲೆ ಕೆತ್ತಿದ ಹೆಸರುಗಳು ಸವೆಯುತ್ತವೆ. ಆ ಹೆಸರುಗಳೇ ಅಲ್ವಾ ನಮಗೆ ಬೇಕಿರೋದು?

ಹಾಸನದ ಮಹಾರಾಜ ಪಾರ್ಕ್‌ನಲ್ಲಿರುವ ಸರ್ಕಾರಿ ಮ್ಯೂಸಿಯಂ ಅನ್ನೂ ನೋಡಿಬಂದೆವು.

ದುಡ್ಡಿನ ವಿಷಯ: ಕೇಂದ್ರ ಸಂಸ್ಕೃತಿ ಸಚಿವಾಲಯದ ಮ್ಯೂಸಿಯಂ ಅನುದಾನ ಯೋಜನೆ ಇದೆ, ಆದರೆ ನೋಂದಾಯಿತ ಟ್ರಸ್ಟ್ ಅಥವಾ ಸಂಘ ಇರಬೇಕು. ನಮ್ಮದು ಇನ್ನೂ ಆಗಿಲ್ಲ, ಕಾಗದಪತ್ರ ಓಡಾಡುತ್ತಿದೆ.

ಅಷ್ಟರಲ್ಲಿ ರಿಜಿಸ್ಟರ್ ಶುರು ಮಾಡಿದ್ದೇವೆ. ಪ್ರತಿ ವಸ್ತುವಿಗೂ ನಂಬರ್, ಅಳತೆ, ಫೋಟೋ, ಕೊಟ್ಟವರ ಹೆಸರು. ಬರೆಯುವವರು ಹೈಸ್ಕೂಲ್ ಮಕ್ಕಳು. ಪಕ್ಕದ ಮನೆಯ ಅಜ್ಜಿ ಕೊಟ್ಟ ಭತ್ತ ಅಳೆಯುವ ಸೇರು ನಂಬರ್ 1. ಮೊನ್ನೆ ಬಂದು ತಮ್ಮ ಹೆಸರನ್ನು ಎರಡು ಸಲ ಓದಿಸಿಕೊಂಡರು.